ಅಪಾಯಕಾರಿ ತ್ಯಾಜ್ಯ ತಾಣಗಳ ಸಮೀಪದ ಕೃಷಿಭೂಮಿ: ಆರೋಗ್ಯದ ಅಪಾಯವನ್ನು ಅಂದಾಜಿಸುವ ಕ್ರಮ

ಮುಚ್ಚಿದ ಗಣಿಯ ತ್ಯಾಜ್ಯ ದಿಬ್ಬ, ಕೈಗಾರಿಕಾ ತ್ಯಾಜ್ಯದ ಗುಂಡಿ, ಹಳೆಯ ಬ್ಯಾಟರಿಗಳಿಂದ ಸೀಸ ಕರಗಿಸಿದ ಜಾಗ ಮುಂತಾದವುಗಳ ಸಮೀಪ ಸಾಗುವಳಿ ಮಾಡುವ ರೈತರನ್ನು ಎರಡು ಪ್ರಶ್ನೆಗಳು ಕಾಡುತ್ತವೆ. ಈ ಬಾವಿಯ ನೀರನ್ನು ಕುಡಿಯಬಹುದೇ? ಈ ಹೊಲದ ಸೊಪ್ಪನ್ನು ಮಕ್ಕಳಿಗೆ ಉಣಿಸಬಹುದೇ? ಇವುಗಳಿಗೆ ಉತ್ತರ ಕಂಡುಕೊಳ್ಳುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಒಂದು ನಿದರ್ಶನ

ಕೋಲಾರ ಚಿನ್ನದ ಗಣಿಗಳು 2001ರಲ್ಲಿ ಮುಚ್ಚಿದವು. ಚಿನ್ನ ತೆಗೆದ ಬಳಿಕ ಉಳಿದ ಸುಮಾರು 3.3 ಕೋಟಿ ಟನ್ ನುಣ್ಣನೆಯ ಅದಿರು ತ್ಯಾಜ್ಯವು 13 ದಿಬ್ಬಗಳಾಗಿ ಅಲ್ಲಿಯೇ ಇದೆ. ಜನರು ಇವನ್ನು ಸೈನೈಡ್ ದಿಬ್ಬಗಳೆಂದು ಕರೆಯುತ್ತಾರೆ. ಮೇಲ್ಪದರದ ಸೈನೈಡ್ ಬಿಸಿಲು ಮತ್ತು ಗಾಳಿಗೆ ಕಾಲಕ್ರಮೇಣ ವಿಘಟನೆಗೊಳ್ಳುತ್ತದೆ. ಆದರೆ ಅದಿರಿನೊಡನೆ ಬರುವ ಆರ್ಸೆನಿಕ್‌ನಂತಹ ಧಾತುಗಳು ಎಂದಿಗೂ ವಿಘಟನೆಗೊಳ್ಳುವುದಿಲ್ಲ. ಗಾಳಿಗೆ ಏಳುವ ಸಿಲಿಕಾ ಧೂಳು ಶ್ವಾಸಕೋಶಕ್ಕೆ ಹಾನಿಕರ. ಆದ್ದರಿಂದ ದಿಬ್ಬದ ಹೆಸರಿನಲ್ಲಿರುವ ವಿಷವೊಂದನ್ನೇ ಪರೀಕ್ಷಿಸಿದರೆ ಸಾಲದು.

ಹಂತ 1: ಮೂಲ, ಮಾರ್ಗ, ಮನುಷ್ಯ

ವಿಷವಸ್ತು ಇದ್ದ ಮಾತ್ರಕ್ಕೆ ಅಪಾಯ ಒದಗುವುದಿಲ್ಲ. ಅದು ದೇಹವನ್ನು ಸೇರುವ ಮಾರ್ಗವೂ ಇರಬೇಕು. ಗ್ರಾಮದ ನಕ್ಷೆಯಲ್ಲಿ ಕೆಳಗಿನವನ್ನು ಗುರುತಿಸಿರಿ.

- ತಾಣದಿಂದ ಮಳೆನೀರು ಹರಿಯುವ ಹಳ್ಳ, ಕೆರೆ
- ಇಳಿಜಾರಿನ ಕೆಳಗಿರುವ ತೆರೆದ ಬಾವಿ, ಕೊಳವೆಬಾವಿ
- ಗಾಳಿ ಬೀಸುವ ದಿಕ್ಕಿನಲ್ಲಿರುವ ಮನೆ, ಶಾಲೆ, ಕಣ
- ದನಕರು ಮೇಯುವ ಮತ್ತು ಮಕ್ಕಳು ಆಡುವ ಸ್ಥಳ

ಹಂತ 2: ಮಾದರಿ ಸಂಗ್ರಹಣೆ

ಮಣ್ಣು ಆರೋಗ್ಯ ಚೀಟಿಯ 12 ಅಂಶಗಳಲ್ಲಿ ಸೀಸ, ಕ್ಯಾಡ್ಮಿಯಂ, ಆರ್ಸೆನಿಕ್ ಸೇರಿಲ್ಲ. ಚೀಟಿಯಲ್ಲಿ ಮಣ್ಣು ಉತ್ತಮವೆಂದಿದ್ದರೂ ಈ ಧಾತುಗಳ ಬಗ್ಗೆ ಅದರಿಂದ ಏನೂ ತಿಳಿಯದು. ಪ್ರಯೋಗಾಲಯದಲ್ಲಿ ಭಾರಲೋಹಗಳ ಪರೀಕ್ಷೆಯನ್ನು ಪ್ರತ್ಯೇಕವಾಗಿ ಕೋರಿರಿ.

ತಾಣಕ್ಕೆ ಹತ್ತಿರದ ಮತ್ತು ದೂರದ ಹೊಲಗಳ ಮಣ್ಣನ್ನು ಬೆರೆಸಬೇಡಿರಿ. ಬೆರೆಸಿದರೆ ಕಲುಷಿತ ಭಾಗ ಸರಾಸರಿಯಲ್ಲಿ ಮರೆಯಾಗುತ್ತದೆ. ಹೋಲಿಕೆಗಾಗಿ ಅದೇ ಬಗೆಯ ಮಣ್ಣಿನ ದೂರದ ಹೊಲದಿಂದಲೂ ಒಂದು ಮಾದರಿ ಇರಲಿ. ನೀರಿನಲ್ಲಿ ಲೋಹಗಳ ಪರೀಕ್ಷೆಗೆ ಆಮ್ಲ ಸೇರಿಸಿದ ಬಾಟಲಿಯೂ, ಸೈನೈಡ್ ಪರೀಕ್ಷೆಗೆ ಕ್ಷಾರ ಸೇರಿಸಿದ ಬೇರೆ ಬಾಟಲಿಯೂ ಬೇಕು. ಇವೆರಡನ್ನೂ ಪ್ರಯೋಗಾಲಯದಿಂದಲೇ ಪಡೆಯಿರಿ.

ಹಂತ 3: ಮಿತಿಯೊಡನೆ ಹೋಲಿಕೆ

ಕುಡಿಯುವ ನೀರಿಗೆ ಭಾರತೀಯ ಮಾನಕ ಐಎಸ್ 10500:2012 ವಿಧಿಸಿರುವ ಮಿತಿಗಳು (ಲೀಟರಿಗೆ ಮಿಲಿಗ್ರಾಂ):

- ಆರ್ಸೆನಿಕ್: 0.01
- ಸೀಸ: 0.01
- ಕ್ಯಾಡ್ಮಿಯಂ: 0.003
- ಒಟ್ಟು ಕ್ರೋಮಿಯಂ: 0.05
- ಸೈನೈಡ್: 0.05

ಮಿತಿ ಮೀರಿದ ನೀರನ್ನು ಕುಡಿಯಲು ಮತ್ತು ಅಡುಗೆಗೆ ಕೂಡಲೇ ನಿಲ್ಲಿಸಿರಿ. ಕುದಿಸುವುದರಿಂದ ಲೋಹಗಳು ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅವುಗಳ ಸಾಂದ್ರತೆ ಹೆಚ್ಚುತ್ತದೆ.

ಹಂತ 4: ದೇಹಕ್ಕೆ ಸೇರುವ ಪ್ರಮಾಣದ ಲೆಕ್ಕ

ಒಂದು ಕಿಲೋ ಹಸಿ ಸೊಪ್ಪಿನಲ್ಲಿ 0.2 ಮಿಲಿಗ್ರಾಂ ಕ್ಯಾಡ್ಮಿಯಂ ಇದೆಯೆಂದು ಭಾವಿಸೋಣ. ವಿಶ್ವ ಆಹಾರ ಮತ್ತು ಕೃಷಿ ಸಂಸ್ಥೆ ಹಾಗೂ ವಿಶ್ವ ಆರೋಗ್ಯ ಸಂಸ್ಥೆಗಳ ಜಂಟಿ ತಜ್ಞ ಸಮಿತಿಯ ಪ್ರಕಾರ ಸಹನೀಯ ಮಿತಿಯು ದೇಹತೂಕದ ಪ್ರತಿ ಕಿಲೋಗೆ ತಿಂಗಳಿಗೆ 25 ಮೈಕ್ರೋಗ್ರಾಂ, ಅಂದರೆ ದಿನಕ್ಕೆ ಸುಮಾರು 0.83.

- 60 ಕಿಲೋ ತೂಕದ ವಯಸ್ಕರು ದಿನಕ್ಕೆ 200 ಗ್ರಾಂ ಸೊಪ್ಪು ತಿಂದರೆ: 40 ÷ 60 = 0.67 ಮೈಕ್ರೋಗ್ರಾಂ. ಮಿತಿಯೊಡನೆ ಅನುಪಾತ 0.8.
- 15 ಕಿಲೋ ತೂಕದ ಮಗು 100 ಗ್ರಾಂ ತಿಂದರೆ: 20 ÷ 15 = 1.33 ಮೈಕ್ರೋಗ್ರಾಂ. ಅನುಪಾತ 1.6.

ಒಂದೇ ಹೊಲದ ಸೊಪ್ಪು ತಂದೆಗೆ ಮಿತಿಯೊಳಗಿದ್ದರೂ ಮಗುವಿಗೆ ಮಿತಿ ಮೀರಿತು. ಆದ್ದರಿಂದ ಲೆಕ್ಕವನ್ನು ಯಾವಾಗಲೂ ಮನೆಯ ಅತಿ ಚಿಕ್ಕ ಮಗುವನ್ನೂ ಗರ್ಭಿಣಿಯನ್ನೂ ಗಮನದಲ್ಲಿಟ್ಟು ಮಾಡತಕ್ಕದ್ದು. ಧಾನ್ಯ ಮತ್ತು ನೀರಿನಿಂದ ಬರುವ ಪಾಲನ್ನೂ ಕೂಡಿಸಬೇಕು. ಅನುಪಾತ 1ನ್ನು ಮೀರಿದರೆ ರೋಗ ಬಂದಿದೆ ಎಂದರ್ಥವಲ್ಲ. ಸೇವನೆಯನ್ನು ತಗ್ಗಿಸಿ ಹೆಚ್ಚಿನ ಪರೀಕ್ಷೆ ಮಾಡಿಸಬೇಕೆಂಬ ಸೂಚನೆಯದು. ಆರ್ಸೆನಿಕ್ ಕ್ಯಾನ್ಸರ್‌ಕಾರಕವಾದ್ದರಿಂದ ಅದರ ಸೇವನೆಯನ್ನು ಸಾಧ್ಯವಾದಷ್ಟೂ ಕಡಿಮೆ ಮಾಡುವುದೇ ಸರಿ.

ಹೊಲದಲ್ಲಿ ಕೈಗೊಳ್ಳಬೇಕಾದ ಕ್ರಮಗಳು

1. ಕಲುಷಿತ ಭಾಗದಲ್ಲಿ ಸೊಪ್ಪು, ಗೆಡ್ಡೆ ತರಕಾರಿ ಬೆಳೆಯಬೇಡಿರಿ; ಹೂವು ಅಥವಾ ಮರಮುಟ್ಟಿನ ಬೆಳೆಗಳನ್ನು ಆಯ್ದುಕೊಳ್ಳಿರಿ.
2. ಹುಳಿ ಮಣ್ಣಿಗೆ ಸುಣ್ಣ ಹಾಕಿದರೆ ಕ್ಯಾಡ್ಮಿಯಂ, ಸೀಸಗಳ ಹೀರಿಕೆ ತಗ್ಗುತ್ತದೆ. ಆರ್ಸೆನಿಕ್ ಇದ್ದಲ್ಲಿ ಸುಣ್ಣವು ಅದನ್ನು ಇನ್ನಷ್ಟು ಸಡಿಲಗೊಳಿಸಬಹುದು. ಪರೀಕ್ಷೆಯ ವರದಿ ಬರುವವರೆಗೆ ಸುಣ್ಣ ಹಾಕಬೇಡಿರಿ.
3. ಆರ್ಸೆನಿಕ್ ಇರುವ ಗದ್ದೆಯಲ್ಲಿ ಸದಾ ನೀರು ನಿಲ್ಲಿಸಿದರೆ ಭತ್ತವು ಅದನ್ನು ಹೆಚ್ಚು ಹೀರುತ್ತದೆ. ನೀರನ್ನು ಆಗಾಗ್ಗೆ ಬಸಿದು ಮತ್ತೆ ಹಾಯಿಸಿರಿ.
4. ದಿಬ್ಬದ ಪುಡಿಯನ್ನು ಹೊಲಕ್ಕಾಗಲಿ, ಮನೆ ಕಟ್ಟಲಾಗಲಿ ತರಬೇಡಿರಿ.
5. ಹೊಲದಿಂದ ಬಂದೊಡನೆ ಕೈಕಾಲು ತೊಳೆಯಿರಿ. ಕೆಲಸದ ಬಟ್ಟೆಯನ್ನು ಬೇರೆಯಾಗಿ ಒಗೆಯಿರಿ.

ವಿಸ್ತರಣಾ ಕಾರ್ಯಕರ್ತರು ವರದಿಯ ಪ್ರತಿಯನ್ನು ಗ್ರಾಮ ಪಂಚಾಯಿತಿ, ಪ್ರಾಥಮಿಕ ಆರೋಗ್ಯ ಕೇಂದ್ರ ಮತ್ತು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ ಲಿಖಿತವಾಗಿ ಸಲ್ಲಿಸಿ ಸ್ವೀಕೃತಿ ಪಡೆಯಬೇಕು. ತಾಣವನ್ನು ಶುದ್ಧಗೊಳಿಸುವುದು ರೈತನೊಬ್ಬನಿಂದ ಆಗುವ ಕೆಲಸವಲ್ಲ. ಆದರೆ ಬಾವಿಯ ಬಳಕೆ, ಬೆಳೆಯ ಆಯ್ಕೆ ಮತ್ತು ಮಕ್ಕಳ ಆಹಾರದ ಬಗೆಗಿನ ತೀರ್ಮಾನಗಳು ನಿಮ್ಮ ಕೈಯಲ್ಲಿವೆ. ಅವನ್ನು ಮಂಡಳಿಯ ಉತ್ತರಕ್ಕೆ ಕಾಯದೆ ಕೈಗೊಳ್ಳಿರಿ.