ಅಲಾಸ್ಕಾದ ಒಳಗಡಲ ದಾರಿ ಮತ್ತು ಅದರ ಎಳೆಯ ಪ್ರಯಾಣಿಕರು

ಚಳಿಸೀಮೆಯ ಕಡಲಿಗೆ ಎಳೆಯ ಮಕ್ಕಳೊಂದಿಗೆ ವಿಹಾರಯಾನ ಹೊರಡುವ ಕುಟುಂಬಗಳ ಮುಂದೆ ಇಂದು ಮುಖ್ಯವಾಗಿ ಮೂರು ಆಯ್ಕೆಗಳಿವೆ: ನಾರ್ವೆಯ ಕರಾವಳಿ, ಭೂಮಿಯ ದಕ್ಷಿಣ ತುದಿಯ ಅಂಟಾರ್ಕ್ಟಿಕಾ ಮತ್ತು ಉತ್ತರ ಅಮೆರಿಕದ ವಾಯವ್ಯ ಮೂಲೆಯ ಅಲಾಸ್ಕಾ. ಮೂರರಲ್ಲೂ ಹಿಮವಿದೆ, ಮೂರಕ್ಕೂ ಪ್ರವಾಸದ ಚರಿತ್ರೆಯಿದೆ. ಥಾಮಸ್ ಕುಕ್ ಸಂಸ್ಥೆ 1875ರಲ್ಲಿಯೇ ಪ್ರವಾಸಿಗರನ್ನು ನಾರ್ವೆಯ ಉತ್ತರ ಭೂಶಿರಕ್ಕೆ ಕರೆದೊಯ್ದಿತು. 1893ರಲ್ಲಿ ಅಲ್ಲಿನ ಕರಾವಳಿಯುದ್ದಕ್ಕೂ ಅಂಚೆ ಮತ್ತು ಜನರನ್ನು ಸಾಗಿಸುವ ಹುರ್ಟಿಗ್ರೂಟನ್ ಹಡಗುಸೇವೆ ಆರಂಭವಾಯಿತು. ಅಂಟಾರ್ಕ್ಟಿಕಾಕ್ಕೆ ಲಾರ್ಸ್-ಎರಿಕ್ ಲಿಂಡ್‌ಬ್ಲಾಡ್ ಪ್ರವಾಸಿ ತಂಡವೊಂದನ್ನು ಒಯ್ದದ್ದು 1966ರಲ್ಲಿ. ಆದರೆ ಮಕ್ಕಳ ಮಟ್ಟಿಗೆ ಈ ಮೂರನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಅಂಟಾರ್ಕ್ಟಿಕಾ ತಲುಪಬೇಕಾದರೆ ಯಾವ ನೆಲದ ಆಸರೆಯೂ ಇಲ್ಲದ ಡ್ರೇಕ್ ಜಲಸಂಧಿಯನ್ನು ಹೋಗುವಾಗ ಸುಮಾರು ಎರಡು ದಿನ, ಬರುವಾಗ ಮತ್ತೆರಡು ದಿನ ದಾಟಬೇಕು. ನಡುವೆ ಮಗುವಿಗೆ ಜ್ವರ ಬಂದರೆ ಹಡಗಿನ ವೈದ್ಯರನ್ನು ಬಿಟ್ಟರೆ ಬೇರೆ ದಿಕ್ಕಿಲ್ಲ. ಹೀಗಾಗಿ ಚಳಿಗಡಲೊಂದು ಮಕ್ಕಳಿಗೆ ಒಗ್ಗುತ್ತದೆಯೇ ಎಂಬುದನ್ನು ಅಲ್ಲಿನ ಚಳಿ ಎಷ್ಟೆಂಬುದಕ್ಕಿಂತ, ನೀರು ಎಷ್ಟು ಶಾಂತವಾಗಿದೆ, ಬಂದರು ಎಷ್ಟು ಹತ್ತಿರವಿದೆ, ಪ್ರಯಾಣದ ಕಾಲ ಯಾವುದು ಎಂಬ ಸಂಗತಿಗಳೇ ಹೆಚ್ಚಾಗಿ ನಿರ್ಧರಿಸುತ್ತವೆ. ಅಲಾಸ್ಕಾದ ಆಗ್ನೇಯ ಕರಾವಳಿಯ ಚರಿತ್ರೆ ಈ ಮಾತಿಗೆ ಅತ್ಯಂತ ಸ್ಪಷ್ಟವಾದ ನಿದರ್ಶನವಾಗಿದೆ.

ಈ ಕರಾವಳಿಯ ಮುಂದೆ ಅಲೆಕ್ಸಾಂಡರ್ ದ್ವೀಪಸ್ತೋಮ ಎಂದು ಕರೆಯಲಾಗುವ ಸುಮಾರು 1,100 ದ್ವೀಪಗಳು ಹರಡಿಕೊಂಡಿವೆ. ತೆರೆದ ಪೆಸಿಫಿಕ್ ಸಾಗರದ ಅಲೆಗಳನ್ನು ಈ ದ್ವೀಪಗಳು ಹೊರಗೇ ತಡೆಯುವುದರಿಂದ, ಅವುಗಳಿಗೂ ಮುಖ್ಯಭೂಮಿಗೂ ನಡುವೆ ಉಳಿಯುವ ಆಳವಾದ, ಕಿರಿದಾದ, ಬಹುಪಾಲು ನಿಶ್ಚಲವಾದ ನೀರಿನ ಹಾದಿಯಲ್ಲಿ ದೊಡ್ಡ ಹಡಗುಗಳೂ ಹೆಚ್ಚು ಓಲಾಡದೆ ಸಾಗಬಲ್ಲವು. ಕೆನಡಾದ ಕರಾವಳಿಯಿಂದ ಮೇಲಕ್ಕೆ ಸಾಗುವ ಈ ಒಳಗಡಲ ದಾರಿಯೇ ಇನ್‌ಸೈಡ್ ಪ್ಯಾಸೇಜ್. ಇದರ ದಡದಲ್ಲಿ ಕೆಚಿಕಾನ್, ರಾಂಗೆಲ್, ಜೂನೋ, ಸ್ಕಾಗ್ವೇ ಎಂಬ ಊರುಗಳು ಒಂದು ರಾತ್ರಿಯ ಪ್ರಯಾಣದಷ್ಟು ದೂರದಲ್ಲಿ ಒಂದಾದ ಮೇಲೊಂದು ಸಿಗುತ್ತವೆ. ಜೂನ್ ತಿಂಗಳಲ್ಲಿ ಜೂನೋದಲ್ಲಿ ಹಗಲು ಹದಿನೆಂಟು ಗಂಟೆಗೂ ಮಿಕ್ಕಿ ಇರುತ್ತದೆ, ಮಳೆ ಮಾತ್ರ ಯಾವ ತಿಂಗಳಲ್ಲೂ ಬಿಡುವುದಿಲ್ಲ. ಪ್ರಕೃತಿ ಒದಗಿಸಿದ ಈ ಅನುಕೂಲಗಳೇ ಮುಂದೆ ಪ್ರವಾಸವೆಂಬ ಉದ್ಯಮಕ್ಕೆ ಬುನಾದಿಯಾದವು.

ಆದರೆ ಈ ನೀರಿನಲ್ಲಿ ಮೊದಲು ಮಕ್ಕಳನ್ನು ಕೂರಿಸಿಕೊಂಡು ದೋಣಿ ನಡೆಸಿದವರು ಪ್ರವಾಸಿಗರಲ್ಲ, ಇಲ್ಲಿನ ಮೂಲನಿವಾಸಿಗಳಾದ ಟ್ಲಿಂಗಿಟ್ ಜನ. ಅವರಲ್ಲಿ ಹೂನಾ ಎಂಬ ಶಾಖೆಯವರು ಇಂದಿನ ಗ್ಲೇಸಿಯರ್ ಬೇ ಕೊಲ್ಲಿಯ ಜಾಗದಲ್ಲಿದ್ದ ಕಣಿವೆಯಲ್ಲಿ ಸಾಲ್ಮನ್ ಮೀನು ಹಿಡಿದು ಬಾಳುತ್ತಿದ್ದರು. ಹದಿನೆಂಟನೆಯ ಶತಮಾನದ ಮಧ್ಯಭಾಗದಲ್ಲಿ ಹಿಮನದಿ, ಎಂದರೆ ಸಾವಿರಾರು ವರ್ಷಗಳ ಹಿಮ ಗಟ್ಟಿಯಾಗಿ ತನ್ನದೇ ಭಾರಕ್ಕೆ ನಿಧಾನವಾಗಿ ಇಳಿಜಾರಿನಲ್ಲಿ ಹರಿಯುವ ಮಂಜುಗಡ್ಡೆಯ ರಾಶಿ, ವೇಗವಾಗಿ ಮುನ್ನುಗ್ಗಿ ಅವರ ಊರುಗಳನ್ನು ಅಳಿಸಿಹಾಕಿತು. ಜನ ಎದುರು ದಡಕ್ಕೆ ವಲಸೆ ಹೋಗಿ, ಇಂದು ಹೂನಾ ಎಂಬ ಹೆಸರಿನಿಂದಲೇ ಕರೆಯಲಾಗುವ ಊರನ್ನು ಕಟ್ಟಿಕೊಂಡರು. 1794ರಲ್ಲಿ ಜಾರ್ಜ್ ವ್ಯಾಂಕೂವರ್ ನೇತೃತ್ವದ ಬ್ರಿಟಿಷ್ ಸಮೀಕ್ಷಕರು ಬಂದಾಗ ಕೊಲ್ಲಿಯ ಬಾಯಿಯಲ್ಲೇ ಮಂಜಿನ ಗೋಡೆ ನಿಂತಿತ್ತು. 1879ರ ಅಕ್ಟೋಬರ್‌ನಲ್ಲಿ ನಿಸರ್ಗಶಾಸ್ತ್ರಜ್ಞ ಜಾನ್ ಮ್ಯೂರ್ ಇಲ್ಲಿಗೆ ಬರುವ ಹೊತ್ತಿಗೆ ಆ ಗೋಡೆ 48 ಕಿಲೋಮೀಟರಿಗೂ ಹೆಚ್ಚು ಹಿಂದೆ ಸರಿದು, ಅದು ತೆರವು ಮಾಡಿದ ಜಾಗದಲ್ಲಿ ಹೊಸದೊಂದು ಕೊಲ್ಲಿಯೇ ಮೂಡಿತ್ತು. ಮ್ಯೂರ್ ಬಂದದ್ದು ತೊಯಾಟೆ ಎಂಬ ಟ್ಲಿಂಗಿಟ್ ಮುಖಂಡನ ದೋಣಿಯಲ್ಲಿ, ಟ್ಲಿಂಗಿಟ್ ಹುಟ್ಟುಗಾರರ ಬಲದಿಂದ. ದಾರಿ ತೋರಿದವನು ಒಬ್ಬ ಹೂನಾ ಮಾರ್ಗದರ್ಶಿ. ಕೊಲ್ಲಿಯನ್ನು ಮ್ಯೂರ್ ಕಂಡುಹಿಡಿದನೆಂದು ಬರೆಯುವ ಪುಸ್ತಕಗಳು ಈ ಸಂಗತಿಯನ್ನು ಮರೆಯುವುದು ನ್ಯಾಯವಲ್ಲ.

ರಷ್ಯಾದಿಂದ ಅಲಾಸ್ಕಾವನ್ನು ಅಮೆರಿಕ 1867ರಲ್ಲಿ 72 ಲಕ್ಷ ಡಾಲರಿಗೆ ಕೊಂಡಿದ್ದರೂ, ಅಲ್ಲಿಗೆ ನೋಡುವ ಸಲುವಾಗಿಯೇ ಹೋಗುವ ಜನ ಹುಟ್ಟಿಕೊಂಡದ್ದು ಮ್ಯೂರ್‌ನ ಪತ್ರಿಕಾಬರಹಗಳ ನಂತರ. 1883ರಲ್ಲಿ ಎರಡು ಘಟನೆಗಳು ಒಟ್ಟಿಗೆ ಸೇರಿದವು. ನಾರ್ದರ್ನ್ ಪೆಸಿಫಿಕ್ ರೈಲುಮಾರ್ಗ ಪೂರ್ಣಗೊಂಡು ಪೂರ್ವ ಅಮೆರಿಕದ ಅನುಕೂಲಸ್ಥರಿಗೆ ಪೆಸಿಫಿಕ್ ದಡ ಹತ್ತಿರವಾಯಿತು. ಅದೇ ಬೇಸಿಗೆಯಲ್ಲಿ ಕ್ಯಾಪ್ಟನ್ ಜೇಮ್ಸ್ ಕ್ಯಾರಲ್ 'ಐಡಾಹೊ' ಎಂಬ ಉಗಿಹಡಗನ್ನು ಗ್ಲೇಸಿಯರ್ ಬೇ ಒಳಕ್ಕೆ ನಡೆಸಿದನು. ಆ ಹಡಗಿನಲ್ಲಿದ್ದ ಪತ್ರಕರ್ತೆ ಎಲೈಜಾ ಸಿಡ್‌ಮೋರ್ 1885ರಲ್ಲಿ ಪ್ರಕಟಿಸಿದ ಪುಸ್ತಕ ಅಲಾಸ್ಕಾ ಪ್ರವಾಸಿಗರ ಕೈಪಿಡಿಯಂತೆ ಬಳಕೆಗೆ ಬಂದಿತು. ಮುಂದಿನ ವರ್ಷಗಳಲ್ಲಿ ಬೇಸಿಗೆಯ ಹಡಗುಗಳು ಮ್ಯೂರ್ ಹಿಮನದಿಯ ಮುಂದೆ ಲಂಗರು ಹಾಕುವುದು ರೂಢಿಯಾಯಿತು. ಪ್ರಯಾಣಿಕರು ದೋಣಿಯಲ್ಲಿ ದಡ ಸೇರಿ, ಹಿಮನದಿ ಒತ್ತರಿಸಿ ತಂದ ಕಲ್ಲುಮಣ್ಣಿನ ದಿಬ್ಬದ ಮೇಲೆ ಹಾಸಿದ್ದ ಮರದ ಹಲಗೆಗಳ ಕಾಲುದಾರಿಯಲ್ಲಿ ನಡೆದು ಮಂಜಿನ ಮೇಲೇರುತ್ತಿದ್ದರು. ಸಿಟ್ಕಾ ಮತ್ತು ರಾಂಗೆಲ್ ಬಂದರುಗಳಲ್ಲಿ ಟ್ಲಿಂಗಿಟ್ ಹೆಂಗಸರು ಸ್ಪ್ರೂಸ್ ಮರದ ಬೇರನ್ನು ಸೀಳಿ ಹೆಣೆದ ಬುಟ್ಟಿಗಳನ್ನು ಸಾಲಾಗಿ ಇಟ್ಟುಕೊಂಡು ಹಡಗಿನ ದಾರಿ ಕಾಯುತ್ತಿದ್ದರು. ನೀರನ್ನೂ ಸೋರಗೊಡದಷ್ಟು ಬಿಗಿಯಾದ ಆ ಹೆಣಿಗೆ ಇಂದಿಗೂ ವಸ್ತುಸಂಗ್ರಹಾಲಯಗಳಲ್ಲಿ ಬೆರಗು ಹುಟ್ಟಿಸುತ್ತದೆ.

ಇಡೀ ಕುಟುಂಬವನ್ನು, ಅದರಲ್ಲೂ ಎಳೆಯ ಮಕ್ಕಳನ್ನು, ಈ ಕಡಲಿಗೆ ಕರೆದೊಯ್ದ ಪ್ರಸಂಗಗಳಲ್ಲಿ ಅತ್ಯಂತ ಪ್ರಸಿದ್ಧವಾದದ್ದು 1899ರ ಹ್ಯಾರಿಮನ್ ಯಾತ್ರೆ. ರೈಲ್ವೆ ಉದ್ಯಮಿ ಎಡ್ವರ್ಡ್ ಹ್ಯಾರಿಮನ್‌ಗೆ ವೈದ್ಯರು ದೀರ್ಘ ವಿಶ್ರಾಂತಿ ಸೂಚಿಸಿದ್ದರು. ಕೋಡಿಯಾಕ್ ದ್ವೀಪದಲ್ಲಿ ಕರಡಿಬೇಟೆಯಾಡುವ ಆಸೆಯಿಂದ ಅವನು ಅಲಾಸ್ಕಾವನ್ನು ಆರಿಸಿಕೊಂಡನು. ಹೋಗುವುದಾದರೆ ಖಾಲಿ ಹಡಗಿನಲ್ಲಿ ಏಕೆ ಹೋಗಬೇಕೆಂದು ದೇಶದ ಹೆಸರಾಂತ ವಿಜ್ಞಾನಿಗಳು, ಕಲಾವಿದರು, ಬರಹಗಾರರನ್ನೂ ಆಹ್ವಾನಿಸಿದನು. 'ಜಾರ್ಜ್ ಡಬ್ಲ್ಯೂ. ಎಲ್ಡರ್' ಎಂಬ ಹಡಗು ಮೇ 31ರಂದು ಸಿಯಾಟಲ್ ಬಿಟ್ಟಾಗ ಅದರಲ್ಲಿ ಜಾನ್ ಮ್ಯೂರ್, ಲೇಖಕ ಜಾನ್ ಬರೋಸ್, ಛಾಯಾಗ್ರಾಹಕ ಎಡ್ವರ್ಡ್ ಕರ್ಟಿಸ್ ಇದ್ದರು. ಹ್ಯಾರಿಮನ್‌ನ ಪತ್ನಿ ಮತ್ತು ಐವರು ಮಕ್ಕಳೂ ಇದ್ದರು. ಮಕ್ಕಳಲ್ಲಿ ಅವೆರಲ್‌ಗೆ ಏಳು ವರ್ಷ, ಕಿರಿಯವನಾದ ರೋಲಂಡ್‌ಗೆ ಇನ್ನೂ ಮೂರೇ ವರ್ಷ. ದಾರಿಯುದ್ದಕ್ಕೂ ಹಾಲಿಗೆ ಕೊರತೆಯಾಗದಂತೆ ಹಡಗಿನಲ್ಲಿ ಹಸುವನ್ನು ಕಟ್ಟಲಾಗಿತ್ತು. ಕುರಿ, ಕೋಳಿಗಳೂ, ಒಂದು ಗ್ರಂಥಾಲಯವೂ, ಪಿಯಾನೊ ಕೂಡ ಅದರಲ್ಲಿದ್ದವು. ಇಂದಿನ ವಿಹಾರನೌಕೆಗಳ ಆಟದ ಕೋಣೆ, ಊಟದ ಸಾಲು, ಸಂಜೆಯ ಸಂಗೀತ ಇವೆಲ್ಲಕ್ಕೂ ಮಾದರಿ ಇಲ್ಲಿಯೇ ಕಾಣಸಿಗುತ್ತದೆ.

ಈ ಯಾತ್ರೆಯನ್ನು ಕೇವಲ ಶ್ರೀಮಂತರ ವಿಲಾಸವೆಂದು ತಳ್ಳಿಹಾಕುವುದು ತಪ್ಪಾಗುತ್ತದೆ, ಏಕೆಂದರೆ ಅದರಿಂದ ಹೊರಬಂದ ವೈಜ್ಞಾನಿಕ ಸಂಪುಟಗಳು ದಶಕಗಳ ಕಾಲ ಆಕರಗ್ರಂಥಗಳಾಗಿದ್ದವು. ಹಾಗೆಂದು ಅದರ ಅಪಾಯವನ್ನೂ ಅನ್ಯಾಯವನ್ನೂ ಮುಚ್ಚಿಡಲಾಗದು. ಪ್ರಿನ್ಸ್ ವಿಲಿಯಂ ಸೌಂಡ್ ಎಂಬ ಕೊಲ್ಲಿಯಲ್ಲಿ, ನಕ್ಷೆಯಲ್ಲೇ ಇಲ್ಲದ ಕಿರಿದಾದ ನೀರಿನ ಬಾಯಿಯೊಂದರ ಮುಂದೆ ಹಡಗಿನ ದಾರಿಗಾರ ಹಿಂಜರಿದಾಗ, ಹ್ಯಾರಿಮನ್ ಮುಂದಕ್ಕೆ ನಡೆಸುವಂತೆ ಒತ್ತಾಯಿಸಿದನು. ಒಳಗೆ ಸಿಕ್ಕಿದ ಫ್ಯೋರ್ಡ್, ಎಂದರೆ ಹಿಮನದಿ ಕೊರೆದ ಕಡಿದಾದ ಗೋಡೆಗಳ ನಡುವಿನ ಕಡಲತೋಳು, ಇಂದು ಅವನ ಹೆಸರನ್ನೇ ಹೊತ್ತಿದೆ. ಮೂರು ವರ್ಷದ ಮಗು ಹಡಗಿನಲ್ಲಿರುವಾಗ ಆಳ ತಿಳಿಯದ ನೀರಿಗೆ ನುಗ್ಗಿದ ಆ ನಿರ್ಧಾರ ಇಂದಿನ ಯಾವ ತಂದೆತಾಯಿಗೂ ಸರಿಯೆನಿಸಲಾರದು. ಮರಳುವಾಗ ಯಾತ್ರಿಕರು ಕೇಪ್ ಫಾಕ್ಸ್ ಎಂಬಲ್ಲಿ ಜನರಿಲ್ಲದಂತೆ ಕಂಡ ಟ್ಲಿಂಗಿಟ್ ಊರೊಂದರಿಂದ ಟೋಟೆಮ್ ಕಂಬಗಳನ್ನು ಕಿತ್ತು ಹಡಗಿಗೇರಿಸಿದರು. ಟೋಟೆಮ್ ಕಂಬವೆಂದರೆ ಒಂದು ಕುಲದ ಹಕ್ಕನ್ನೂ ಹಿರಿಯರ ನೆನಪನ್ನೂ ಪ್ರಾಣಿಪಕ್ಷಿಗಳ ರೂಪದಲ್ಲಿ ಕೆತ್ತಿ ನಿಲ್ಲಿಸುವ ಮರದ ಕಂಬ. ಊರವರು ಅಷ್ಟರಲ್ಲಾಗಲೇ ಸಮೀಪದ ಸ್ಯಾಕ್ಸ್‌ಮನ್‌ಗೆ ನೆಲೆ ಬದಲಿಸಿದ್ದರೇ ಹೊರತು ತಮ್ಮ ಕಂಬಗಳನ್ನು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಅಮೆರಿಕದ ವಸ್ತುಸಂಗ್ರಹಾಲಯಗಳು ಅವುಗಳನ್ನು ಆ ಜನರ ವಂಶಜರಿಗೆ ಹಿಂತಿರುಗಿಸಿದ್ದು 2001ರಲ್ಲಿ, ಎಂದರೆ ಒಂದು ಶತಮಾನದ ಮೇಲೆ.

ಹ್ಯಾರಿಮನ್ ತಂಡ ಜೂನ್‌ನಲ್ಲಿ ಕಂಡ ಮ್ಯೂರ್ ಹಿಮನದಿಯ ಭವ್ಯ ಮುಖ ಅದೇ ಸೆಪ್ಟೆಂಬರ್‌ನಲ್ಲಿ ಉಳಿಯಲಿಲ್ಲ. ಯಾಕುಟಾಟ್ ಬಳಿ ಸಂಭವಿಸಿದ ಭಾರಿ ಭೂಕಂಪದಿಂದ ಹಿಮನದಿ ಒಡೆದು, ತೇಲುವ ಮಂಜುಗಡ್ಡೆಗಳು ಕೊಲ್ಲಿಯನ್ನು ಇಡಿಕಿರಿಸಿದ್ದರಿಂದ ಹಡಗುಗಳು ಹಲವು ವರ್ಷ ಅದರ ಹತ್ತಿರ ಸುಳಿಯಲಾಗಲಿಲ್ಲ. ಹಿಮನದಿ ಅನಂತರವೂ ಹಿಂದೆ ಸರಿಯುತ್ತಲೇ ಹೋಗಿ ಈಗ ಕಡಲಿನ ಸಂಪರ್ಕವನ್ನೇ ಕಳೆದುಕೊಂಡಿದೆ.

ಪ್ರಯಾಣದ ಕಾಲವೂ ಮುಖ್ಯವೆಂಬುದನ್ನು ಈ ಕಡಲು ಅತ್ಯಂತ ಕಠೋರವಾಗಿ ತೋರಿಸಿದ್ದು 1918ರಲ್ಲಿ. 1897ರಲ್ಲಿ ಆರಂಭವಾದ ಕ್ಲಾಂಡೈಕ್ ಚಿನ್ನದ ನೂಕುನುಗ್ಗಲು ಅಷ್ಟರಲ್ಲಿ ತಣ್ಣಗಾಗಿದ್ದರೂ, ಯೂಕಾನ್ ಪ್ರದೇಶದಲ್ಲಿ ಉಳಿದಿದ್ದ ಕುಟುಂಬಗಳು ಚಳಿಗಾಲಕ್ಕೆ ಮುನ್ನ ದಕ್ಷಿಣಕ್ಕೆ ಮರಳುವುದು ವಾಡಿಕೆಯಾಗಿತ್ತು. ಹಾಗೆ ಮರಳುವವರನ್ನು ತುಂಬಿಕೊಂಡು ಅಕ್ಟೋಬರ್ 23ರ ರಾತ್ರಿ ಸ್ಕಾಗ್ವೇ ಬಿಟ್ಟ 'ಪ್ರಿನ್ಸೆಸ್ ಸೋಫಿಯಾ' ಹಡಗು, ಹಿಮಗಾಳಿಯಲ್ಲಿ ದಾರಿ ತಪ್ಪಿ ಲಿನ್ ಕಾಲುವೆಯ ವ್ಯಾಂಡರ್‌ಬಿಲ್ಟ್ ಎಂಬ ಕಡಲಬಂಡೆಯ ಮೇಲೇರಿ ಕುಳಿತಿತು. ನೆರವಿನ ದೋಣಿಗಳು ಕೂಗಳತೆಯಲ್ಲಿದ್ದರೂ ಅಲೆಗಳ ಅಬ್ಬರಕ್ಕೆ ಪ್ರಯಾಣಿಕರನ್ನು ಇಳಿಸಲಾಗದೆ ಒಂದೂವರೆ ದಿನ ಕಾಯಲಾಯಿತು. 25ರ ಸಂಜೆ ಬಿರುಗಾಳಿ ಹಡಗನ್ನು ಬಂಡೆಯಿಂದ ಕೆಡವಿ ಮುಳುಗಿಸಿತು. ಹೆಂಗಸರು ಮಕ್ಕಳೂ ಸೇರಿ 340ಕ್ಕೂ ಹೆಚ್ಚು ಜನರಲ್ಲಿ ಒಬ್ಬರೂ ಬದುಕುಳಿಯಲಿಲ್ಲ. ಬೇಸಿಗೆಯಲ್ಲಿ ಕೆರೆಯಂತೆ ಮಲಗಿರುವ ಇದೇ ಒಳಗಡಲು ಅಕ್ಟೋಬರ್ ಕೊನೆಗೆ ಬೇರೆಯೇ ಆಗುತ್ತದೆ. ಈಗಿನ ವಿಹಾರಯಾನಗಳು ಬಹುಮಟ್ಟಿಗೆ ಏಪ್ರಿಲ್ ಕೊನೆಯಿಂದ ಅಕ್ಟೋಬರ್ ಆರಂಭದೊಳಗೆ ಮುಗಿಯುತ್ತವೆ. ಎಳೆಯ ಮಕ್ಕಳಿಗೆ ಜೂನ್, ಜುಲೈ ತಿಂಗಳುಗಳೇ ಹಿತವೆಂಬುದರಲ್ಲಿ ಸಂದೇಹವಿಲ್ಲ.

ಮುಂದಿನ ಅರ್ಧ ಶತಮಾನದ ಕಥೆಯನ್ನು ಚುಟುಕಾಗಿ ಹೇಳಬಹುದು. ಗ್ಲೇಸಿಯರ್ ಬೇ 1925ರಲ್ಲಿ ರಾಷ್ಟ್ರೀಯ ಸ್ಮಾರಕವಾಯಿತು, 1980ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ವಿಮಾನಗಳ ಪೈಪೋಟಿಯಿಂದ ಅಲಾಸ್ಕಾ ಸ್ಟೀಮ್‌ಶಿಪ್ ಕಂಪನಿ 1954ರಲ್ಲಿ ಪ್ರಯಾಣಿಕ ಸೇವೆ ನಿಲ್ಲಿಸಿತು. ರಸ್ತೆಯಿಲ್ಲದ ಊರುಗಳ ಜನರಿಗಾಗಿ ರಾಜ್ಯ ಸರ್ಕಾರವೇ 1963ರಲ್ಲಿ ಫೆರಿ ಸೇವೆ ತೆರೆಯಿತು. ಮನರಂಜನೆಗಾಗಿಯೇ ಹಡಗು ನಡೆಸುವ ಇಂದಿನ ಪದ್ಧತಿಗೆ ಅಡಿಪಾಯ ಹಾಕಿದವರಲ್ಲಿ ಚಕ್ ವೆಸ್ಟ್ ಪ್ರಮುಖ. ಅವನ ಕಂಪನಿಯನ್ನು 1971ರಲ್ಲಿ ಹಾಲೆಂಡ್ ಅಮೆರಿಕ ಸಂಸ್ಥೆ ಕೊಂಡುಕೊಂಡಿತು. ಈ ಹಡಗುಗಳು ಕೆನಡಾದ ವ್ಯಾಂಕೂವರ್‌ನಿಂದ ಹೊರಡುವುದಕ್ಕೆ, ಇಲ್ಲವೇ ಸಿಯಾಟಲ್‌ನಿಂದ ಹೊರಟರೂ ವಿಕ್ಟೋರಿಯಾ ಬಂದರನ್ನು ಮುಟ್ಟಿಯೇ ಮರಳುವುದಕ್ಕೆ, 1886ರ ಅಮೆರಿಕನ್ ಕಾನೂನೊಂದು ಕಾರಣ. ವಿದೇಶಿ ಹಡಗು ಪರದೇಶದ ಬಂದರನ್ನು ಮುಟ್ಟದೆ ಅಮೆರಿಕದ ಬಂದರುಗಳ ನಡುವೆ ಪ್ರಯಾಣಿಕರನ್ನು ಸಾಗಿಸಕೂಡದೆಂದು ಅದು ವಿಧಿಸುತ್ತದೆ. ಅಮೆರಿಕದಲ್ಲಿ ನೆಲೆಸಿ, ಊರಿನಿಂದ ಬಂದ ಅಜ್ಜ-ಅಜ್ಜಿಯರನ್ನೂ ಮಕ್ಕಳನ್ನೂ ಒಟ್ಟಿಗೆ ಕರೆದೊಯ್ಯಬಯಸುವ ಕನ್ನಡ ಕುಟುಂಬಗಳು ಕೆನಡಾದ ವೀಸಾದ ಬಗ್ಗೆ ಮೊದಲೇ ವಿಚಾರಿಸಬೇಕಾದದ್ದು ಈ ಹಳೆಯ ಕಾನೂನಿನಿಂದಲೇ.

ಮಕ್ಕಳನ್ನೇ ಗಮನದಲ್ಲಿಟ್ಟುಕೊಂಡ ಹಡಗುಗಳು ಇಲ್ಲಿಗೆ ಬಂದದ್ದು ಇತ್ತೀಚೆಗೆ. ಡಿಸ್ನಿ ಸಂಸ್ಥೆ ತನ್ನ ಅಲಾಸ್ಕಾ ಯಾನಗಳನ್ನು ಆರಂಭಿಸಿದ್ದು 2011ರಲ್ಲಿ. ಆರು ತಿಂಗಳೊಳಗಿನ ಶಿಶುಗಳನ್ನು ಹಡಗಿಗೆ ಹತ್ತಿಸಿಕೊಳ್ಳದಿರುವುದು ಸಾಮಾನ್ಯ ನಿಯಮ. ನೆಲದ ಮೇಲೆ ಮಕ್ಕಳಿಗೆ ಮೆಚ್ಚಾಗುವುದು ಸ್ಕಾಗ್ವೇಯ ವೈಟ್ ಪಾಸ್ ರೈಲು. ಚಿನ್ನ ಅರಸಿ ಬಂದವರಿಗಾಗಿ 1898ರಿಂದ 1900ರ ನಡುವೆ ಬೆಟ್ಟ ಕಡಿದು ಹಾಸಿದ ಈ ನ್ಯಾರೋಗೇಜ್ ಮಾರ್ಗ 1982ರಲ್ಲಿ ನಿಂತುಹೋಗಿ, 1988ರಲ್ಲಿ ಪ್ರವಾಸಿಗರಿಗಾಗಿಯೇ ಮತ್ತೆ ಓಡತೊಡಗಿತು. ಗ್ಲೇಸಿಯರ್ ಬೇಯಲ್ಲಿ ಉದ್ಯಾನದ ಅಧಿಕಾರಿಗಳು ಹಡಗನ್ನೇರಿ, ಮಂಜುಗಡ್ಡೆ ನೀಲಿಯಾಗಿ ಕಾಣುವುದೇಕೆ, ತಿಮಿಂಗಿಲ ಏನು ತಿನ್ನುತ್ತದೆ ಎಂದು ಮಕ್ಕಳಿಗೆ ವಿವರಿಸುತ್ತಾರೆ. ಚಟುವಟಿಕೆಯ ಪುಸ್ತಕ ತುಂಬಿಸಿಕೊಟ್ಟ ಮಗುವಿಗೆ ಕಿರಿಯ ರೇಂಜರ್ ಬ್ಯಾಡ್ಜ್ ಸಿಗುತ್ತದೆ. ಆ ಕೊಲ್ಲಿಗೆ ದಿನಕ್ಕೆ ಎರಡೇ ದೊಡ್ಡ ವಿಹಾರನೌಕೆಗಳಿಗೆ ಪ್ರವೇಶ. ಕೊಲ್ಲಿಯ ಬಾರ್ಟ್ಲೆಟ್ ಕೋವ್ ದಡದಲ್ಲಿ 2016ರಲ್ಲಿ ಹೂನಾ ಜನರ ಕುಲಗೃಹವೊಂದು ತಲೆಯೆತ್ತಿತು. ಹಿಮ ಓಡಿಸಿದ ನೆಲಕ್ಕೆ ಅವರು ಮರಳಿ ಕಂಬ ನೆಟ್ಟ ಆ ಘಟನೆ ಈ ಚರಿತ್ರೆಯಲ್ಲಿ ಯಾವ ಹಡಗಿನ ಆಗಮನಕ್ಕಿಂತಲೂ ದೊಡ್ಡದು.

ಗ್ಲೇಸಿಯರ್ ಬೇಯಲ್ಲಿರುವಂತೆ ಹಡಗುಗಳ ಸಂಖ್ಯೆಗೆ ಮಿತಿ ಹಾಕುವ ಸಂಯಮ ಇತರ ಬಂದರುಗಳಲ್ಲಿ ತಡವಾಗಿ ಬರುತ್ತಿದೆ. 2023ರಲ್ಲಿ 16 ಲಕ್ಷಕ್ಕೂ ಹೆಚ್ಚು ಜನ ಹಡಗಿನಲ್ಲಿ ಅಲಾಸ್ಕಾಕ್ಕೆ ಬಂದರು. ಸುಮಾರು 32,000 ಜನರಿರುವ ಜೂನೋ ನಗರ ಹಡಗು ಕಂಪನಿಗಳೊಂದಿಗೆ ಒಪ್ಪಂದ ಮಾಡಿಕೊಂಡು 2024ರಿಂದ ದಿನಕ್ಕೆ ಐದೇ ದೊಡ್ಡ ಹಡಗುಗಳೆಂದು ಮಿತಿ ಹಾಕಿತು. 2026ರಿಂದ ಹಡಗುಗಳ ಒಟ್ಟು ಹಾಸಿಗೆಗಳು ದಿನಕ್ಕೆ 16,000, ಶನಿವಾರಗಳಂದು 12,000 ಮೀರಬಾರದೆಂಬ ಒಪ್ಪಂದವೂ ಆಯಿತು. ಮಗುವನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ಜೂನೋದ ಇಕ್ಕಟ್ಟಾದ ಬಂದರುಬೀದಿಗೆ ಇಳಿಯುವ ಕುಟುಂಬ ಟಿಕೆಟ್ ಕೊಳ್ಳುವ ಮೊದಲು, ತಮ್ಮ ಹಡಗಿನೊಂದಿಗೆ ಆ ದಿನ ಇನ್ನೆಷ್ಟು ಹಡಗುಗಳು ಅಲ್ಲಿ ನಿಲ್ಲುತ್ತವೆ ಎಂಬುದನ್ನು ಬಂದರಿನ ವೇಳಾಪಟ್ಟಿಯಲ್ಲಿ ನೋಡಿಕೊಳ್ಳುವುದು, ಹಡಗಿನ ಮೇಲೆ ಎಷ್ಟು ಈಜುಕೊಳಗಳಿವೆ ಎಂದು ಎಣಿಸುವುದಕ್ಕಿಂತ ಹೆಚ್ಚು ಉಪಯುಕ್ತ.