ಬೆಂಕಿಪುರದ ಸಿನಿಮಾ ಯಾರು ಮಾಡ್ತಾರೆ?

2019ರಲ್ಲಿ ‘ಗಂಟುಮೂಟೆ’ ಅನ್ನೋ ಕನ್ನಡ ಸಿನಿಮಾ ಬಂತು. ನಿರ್ದೇಶಕಿ ರೂಪಾ ರಾವ್ ಅವರ ಮೊದಲ ಚಲನಚಿತ್ರ. ತೊಂಬತ್ತರ ದಶಕದ ಬೆಂಗಳೂರು, ಮೀರಾ ಅನ್ನೋ ಹೈಸ್ಕೂಲ್ ಹುಡುಗಿ, ಅವಳ ಮೊದಲ ಪ್ರೀತಿ. ಕೈಯಲ್ಲಿ ಮೊಬೈಲ್ ಇಲ್ಲದ ಕಾಲ. ಆ ಬೆಂಗಳೂರು ಈಗ ಹುಡುಕಿದರೂ ಸಿಗಲ್ಲ. ಆದರೆ ಸಿನಿಮಾದಲ್ಲಿ ಉಳಿದುಕೊಂಡಿದೆ.

ಮೊದಲ ಸಿನಿಮಾ ಮಾಡುವವರು ಎಷ್ಟೋ ಸಲ ತಾವು ಕಂಡ ಊರಿಗೇ ಹಿಂದಿರುಗುತ್ತಾರೆ. ಯಾಕಂದ್ರೆ ಅವರಿಗೆ ಚೆನ್ನಾಗಿ ಗೊತ್ತಿರೋದು ಅದೇ. ಈಗ ನನ್ನ ಪ್ರಶ್ನೆ: ನಮ್ಮ ಭದ್ರಾವತಿಗೆ ಅಂಥದ್ದೊಂದು ಸಿನಿಮಾ ಬೇಡವೇ?

ಶಿವಮೊಗ್ಗದಿಂದ ಇಪ್ಪತ್ತು ಕಿಲೋಮೀಟರ್ ಆಸುಪಾಸು. ಹಳೆಯ ಹೆಸರು ಬೆಂಕಿಪುರ. 1923ರಲ್ಲಿ ಅಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆ ಕೆಲಸ ಶುರು ಮಾಡಿತು. ಹತ್ತಿರದಲ್ಲಿ ಕಲ್ಲಿದ್ದಲು ಇರಲಿಲ್ಲ. ಮಲೆನಾಡಿನ ಮರದ ಇದ್ದಿಲಿನಲ್ಲೇ ಕುಲುಮೆ ಉರಿಸಿದರು. ಅದಿರು ಕೆಮ್ಮಣ್ಣುಗುಂಡಿಯಿಂದ ಬಂತು. ನಷ್ಟದಲ್ಲಿ ನರಳುತ್ತಿದ್ದ ಕಾರ್ಖಾನೆಯನ್ನು ದಡ ಸೇರಿಸಿದವರು ಸರ್ ಎಂ. ವಿಶ್ವೇಶ್ವರಯ್ಯ. 1936ರಲ್ಲಿ ಕಾಗದದ ಕಾರ್ಖಾನೆಯೂ ಸ್ಥಾಪನೆಯಾಯಿತು. ಅದರ ಸುತ್ತ ಬೆಳೆದದ್ದೇ ಪೇಪರ್ ಟೌನ್.

ಆಮೇಲೆ ನೋಡಿ, ಕೆಲಸ ಹುಡುಕಿಕೊಂಡು ತಮಿಳರು ಬಂದರು, ತೆಲುಗರು ಬಂದರು, ಮಲಯಾಳಿಗಳು ಬಂದರು. ಒಂದೇ ಸಾಲಿನ ಕ್ವಾರ್ಟರ್ಸ್‌ನಲ್ಲಿ ನಾಲ್ಕು ಭಾಷೆ. ಅಪ್ಪ ನೈಟ್ ಶಿಫ್ಟ್ ಮುಗಿಸಿ ಮಲಗಿದ್ದರೆ ಮಕ್ಕಳು ಪಿಸುಮಾತಿನಲ್ಲೇ ಜಗಳ ಆಡಬೇಕು! 1965ರಲ್ಲಿ ಭದ್ರಾವತಿ ಆಕಾಶವಾಣಿ ಶುರುವಾಯಿತು. ಶಿವಮೊಗ್ಗದ ಮನೆಮನೆಯಲ್ಲೂ ಬೆಳಗಾಗುತ್ತಿದ್ದದ್ದು ಅದರ ದನಿಯಿಂದಲೇ. ಇದೇ ಊರಿನ ಹುಡುಗ ಜಿ.ಆರ್. ವಿಶ್ವನಾಥ್ 1969ರಲ್ಲಿ ತಮ್ಮ ಮೊದಲ ಟೆಸ್ಟ್‌ನಲ್ಲೇ ಶತಕ ಹೊಡೆದರು. ನಮ್ಮನ್ನೆಲ್ಲ ನಗಿಸಿದ ದೊಡ್ಡಣ್ಣ ಸಿನಿಮಾಕ್ಕೆ ಬರುವ ಮೊದಲು ಇದೇ ಉಕ್ಕಿನ ಕಾರ್ಖಾನೆಯ ನೌಕರ. ಒಂದು ಸಿನಿಮಾಕ್ಕೆ ಇನ್ನೇನು ಬೇಕು ಹೇಳಿ?

ಆದರೆ ಬರೀ ಸವಿನೆನಪಿನ ಸಿನಿಮಾ ನನಗೆ ಬೇಡ. ಆ ಕುಲುಮೆಗೆ ಎಷ್ಟು ಕಾಡು ಬೂದಿಯಾಯಿತು? ಕ್ವಾರ್ಟರ್ಸ್ ಸಿಕ್ಕ ಕಾಯಂ ನೌಕರನ ಪಕ್ಕದಲ್ಲೇ ಬೆವರು ಸುರಿಸಿದ ಗುತ್ತಿಗೆ ಕಾರ್ಮಿಕ ಎಲ್ಲಿ ಮಲಗುತ್ತಿದ್ದ? ಅದನ್ನೂ ತೋರಿಸಬೇಕು. ಇಲ್ಲದಿದ್ದರೆ ಅದು ನೆನಪಲ್ಲ, ಬಣ್ಣ ಹಚ್ಚಿದ ಫೋಟೋ.

ಇದನ್ನು ಈಗಲೇ ಯಾಕೆ ಹೇಳ್ತಿದ್ದೀನಿ ಅಂದ್ರೆ, ಕಾಗದದ ಕಾರ್ಖಾನೆಯ ಯಂತ್ರ ನಿಂತು ವರ್ಷಗಳಾದವು. 2023ರ ಜನವರಿಯಲ್ಲಿ ಉಕ್ಕಿನ ಕಾರ್ಖಾನೆಯನ್ನೂ ಮುಚ್ಚುವ ನಿರ್ಧಾರ ಹೊರಬಿತ್ತು. ಶುರುವಾಗಿ ಸರಿಯಾಗಿ ನೂರು ವರ್ಷಕ್ಕೆ! ಕಾರ್ಮಿಕರು ಬೀದಿಗಿಳಿದರು. ಅದೇ ವರ್ಷ ಒಂದಷ್ಟು ಕೆಲಸ ಮತ್ತೆ ಶುರುವಾಯಿತು. ಆದರೆ ಊರಿನ ಎದೆಬಡಿತ ಮೊದಲಿನಂತಿಲ್ಲ.

ಕಾರ್ಖಾನೆ ಉಳಿಸುವುದು ಸರ್ಕಾರದ ಕೆಲಸ, ಅದನ್ನು ಕೇಳುತ್ತಲೇ ಇರೋಣ. ನೆನಪು ಉಳಿಸುವುದಕ್ಕೆ ಯಾವ ಸಂಪುಟದ ಒಪ್ಪಿಗೆಯೂ ಬೇಕಿಲ್ಲ. ಕುಲುಮೆಯ ಮುಂದೆ ನಿಂತು ದುಡಿದ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಕ್ಯಾಮೆರಾ ಈಗ ಎಲ್ಲರ ಜೇಬಿನಲ್ಲೂ ಇದೆ. ಭದ್ರಾವತಿಯ ಹುಡುಗರೇ, ಹುಡುಗಿಯರೇ, ಮೊದಲು ಅಜ್ಜನ ಪಕ್ಕ ಹೋಗಿ ಕೂತ್ಕೊಳ್ಳಿ. ನಿಮ್ಮ ಮೊದಲ ಸಿನಿಮಾ ಅಲ್ಲಿದೆ.