ಕಾಂಗ್ರೆಸ್ ರಸ್ತೆಯ ಬಾವಿ ಮತ್ತು ಹುದಲಿಯ ದೇಶಪಾಂಡೆ

ಉರುಗ್ವೆ ಎಲ್ಲಿದೆ ಅಂತ ಕೇಳಿದ್ರೆ ನಮ್ಮಲ್ಲಿ ಬಹಳ ಜನ ಮೊಬೈಲ್ ತೆಗೆದು ನೋಡಬೇಕಾಗುತ್ತೆ. ಆದರೆ ಆ ದೇಶದ ಮಾಜಿ ಅಧ್ಯಕ್ಷ ಹೊಸೆ ಮುಹಿಕಾ ಅವರ ವಿಡಿಯೊ ಮಾತ್ರ ನಮ್ಮ ವಾಟ್ಸಾಪ್ ಗ್ರೂಪುಗಳಲ್ಲಿ ಸುತ್ತುತ್ತಲೇ ಇರುತ್ತೆ. ಯೌವನದಲ್ಲಿ ಬಂದೂಕು ಹಿಡಿದ ಹೋರಾಟಗಾರ. ಹತ್ತು ವರ್ಷಕ್ಕೂ ಹೆಚ್ಚು ಕಾಲ ಜೈಲು. 2010ರಿಂದ 2015ರವರೆಗೆ ದೇಶದ ಅಧ್ಯಕ್ಷ. ಅಧಿಕಾರ ಸಿಕ್ಕ ಮೇಲೂ ಸರ್ಕಾರಿ ಬಂಗಲೆಗೆ ಹೋಗಲಿಲ್ಲ, ಹೊಲದ ಮನೆಯಲ್ಲೇ ಉಳಿದರು. ಓಡಾಟಕ್ಕೆ ಹಳೇ ಫೋಕ್ಸ್‌ವ್ಯಾಗನ್ ಬೀಟಲ್ ಕಾರು. ಸಂಬಳದ ಬಹುಪಾಲು ದಾನ.

2025ರ ಮೇ 13ರಂದು ಅವರು ತೀರಿಕೊಂಡರು. ಆ ಸುದ್ದಿ ಓದಿ ಸ್ಟುಡಿಯೊದಿಂದ ಹೊರಗೆ ಬಂದಾಗ ಬೆಳಗಾವಿಯ ವೀಕ್ಷಕರೊಬ್ಬರ ಮೆಸೇಜು ಬಂದಿತ್ತು. "ಸರ್, ಇಂಥಾವ್ರು ನಮ್ಮ ಕಡೆ ಯಾಕ ಹುಟ್ಟಂಗಿಲ್ಲ?"

ಹುಟ್ಟಿದ್ರು ಸರ್. ನಿಮ್ಮೂರಿನ ಪಕ್ಕದಲ್ಲೇ, ಹುದಲಿಯಲ್ಲಿ.

ಇದನ್ನ ಹೇಳೋ ಮೊದಲು ನನ್ನ ತಪ್ಪನ್ನೂ ಒಪ್ಕೊಂಡುಬಿಡ್ತೀನಿ. ನಾನು ಎಂಜಿನಿಯರಿಂಗ್ ಓದಿದ್ದು ಬೆಳಗಾವಿಯ ಉದ್ಯಮಬಾಗದಲ್ಲಿ. ಒಂದು ಕಡೆ ಕಾಲೇಜು, ಸುತ್ತಮುತ್ತ ಫೌಂಡ್ರಿಗಳು, ಲೇಥ್ ಮಶೀನುಗಳ ಸದ್ದು, ಮುಂದೆ ಖಾನಾಪುರ ರಸ್ತೆ. ಊರೊಳಗೆ ಹೋಗಬೇಕು ಅಂದ್ರೆ ಮೂರನೇ ರೈಲ್ವೆ ಗೇಟ್ ದಾಟಿ ಕಾಂಗ್ರೆಸ್ ರಸ್ತೆ ಹಿಡೀಬೇಕು. ನಾಲ್ಕು ವರ್ಷ ಅದೇ ರಸ್ತೆಯಲ್ಲಿ ಓಡಾಡಿದೆ. ಟಿಳಕವಾಡಿಯಲ್ಲಿ ಒಂದು ಬಾವಿ ಇದೆ, ಜನ ಅದನ್ನು ಕಾಂಗ್ರೆಸ್ ಬಾವಿ ಅಂತಾರೆ. ಪಕ್ಕದಲ್ಲೇ ವೀರಸೌಧ. ಒಂದು ದಿನವೂ ಒಳಗೆ ಕಾಲಿಡಲಿಲ್ಲ. ಈ ರಸ್ತೆಗೆ ಆ ಹೆಸರು ಯಾಕೆ ಬಂತು ಅಂತ ಒಬ್ಬರನ್ನೂ ಕೇಳಲಿಲ್ಲ. ಮುಹಿಕಾ ಕಾರಿನ ಮಾಡೆಲ್ ಗೊತ್ತಿತ್ತು, ಈ ಬಾವಿಯ ಕಥೆ ಗೊತ್ತಿರಲಿಲ್ಲ.

ಆ ಕಥೆಯ ಕೇಂದ್ರದಲ್ಲಿರೋದು ಗಂಗಾಧರರಾವ್ ದೇಶಪಾಂಡೆ. ಹುಟ್ಟಿದ್ದು 1871ರ ಮಾರ್ಚ್ 31ರಂದು. ವತನದಾರರ ಮನೆತನ. ಹೊಲ ಇತ್ತು, ಮಾನ ಇತ್ತು, ಬ್ರಿಟಿಷರ ಜೊತೆ ಹೊಂದಿಕೊಂಡು ಆರಾಮಾಗಿ ಇರಬಹುದಿತ್ತು. ಇರಲಿಲ್ಲ. ಲೋಕಮಾನ್ಯ ತಿಲಕರ ಹಿಂದೆ ಹೊರಟರು. 1916ರ ಏಪ್ರಿಲ್‌ನಲ್ಲಿ ತಿಲಕರು ಹೋಂ ರೂಲ್ ಲೀಗ್ ಶುರು ಮಾಡಿದ್ದು ಪುಣೆಯಲ್ಲಲ್ಲ, ಮುಂಬೈಯಲ್ಲಲ್ಲ, ಇದೇ ಬೆಳಗಾವಿಯಲ್ಲಿ. ಆ ಸಮಾವೇಶಕ್ಕೆ ಗಾಂಧೀಜಿಯೂ ಬಂದಿದ್ದರು. 1920ರಲ್ಲಿ ತಿಲಕರು ತೀರಿಕೊಂಡ ಮೇಲೆ ಅವರ ಅನುಯಾಯಿಗಳಲ್ಲಿ ಹಲವರು ಗಾಂಧಿಯನ್ನು ಒಪ್ಪಲಿಲ್ಲ. ಗಂಗಾಧರರಾಯರು ಒಪ್ಪಿದರು. ಜೈಲಿಗೆ ಹೋದರು, ಬಂದರು, ಮತ್ತೆ ಹೋದರು. ಜನ ಅವರನ್ನು 'ಕರ್ನಾಟಕ ಸಿಂಹ' ಅಂತ ಕರೆದರು.

ಈಗ 1924ಕ್ಕೆ ಬನ್ನಿ. ಹಿಂದಿನ ವರ್ಷ ಕಾಕಿನಾಡ ಅಧಿವೇಶನದಲ್ಲಿ ಮುಂದಿನ ಕಾಂಗ್ರೆಸ್ ಬೆಳಗಾವಿಯಲ್ಲಿ ಅಂತ ತೀರ್ಮಾನ ಆಗಿತ್ತು. ಡಿಸೆಂಬರ್ 26 ಮತ್ತು 27ರಂದು ಅಧಿವೇಶನ. ಅಧ್ಯಕ್ಷತೆ ಗಾಂಧೀಜಿಯದ್ದು. ಅವರ ಜೀವಮಾನದಲ್ಲಿ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷತೆ ವಹಿಸಿದ್ದು ಇದೊಂದೇ ಸಲ. ಅದನ್ನು ಹೊತ್ತು ನಡೆಸಿದವರು ಗಂಗಾಧರರಾಯರು.

ಇಂದಿನ ಈವೆಂಟ್ ಮ್ಯಾನೇಜ್‌ಮೆಂಟ್ ಕಂಪನಿಗಳು ಆಗ ಇರಲಿಲ್ಲ. ಟಿಳಕವಾಡಿಯ ಬಯಲಿನಲ್ಲಿ ಒಂದು ಊರೇ ಎದ್ದಿತು. ಹೆಸರು 'ವಿಜಯನಗರ'. ಹಂಪಿಯ ಗೋಪುರದ ಮಾದರಿಯ ಮಹಾದ್ವಾರ. ಸಾವಿರಾರು ಜನಕ್ಕೆ ನೀರು ಬೇಕಲ್ಲ, ಅದಕ್ಕೇ ಬಾವಿ ತೋಡಿದರು. ಅದಕ್ಕೆ 'ಪಂಪಾ ಸರೋವರ' ಅಂತ ಹೆಸರಿಟ್ಟರು. ಸ್ವಯಂಸೇವಕರ ಪಡೆ ಕಟ್ಟಿದ್ದು ಡಾ. ನಾ.ಸು. ಹರ್ಡೀಕರ್. ಶಿಬಿರದ ಶೌಚದ ಸ್ವಚ್ಛತೆಯ ಹೊಣೆ ಹೊತ್ತವರು ಕಾಕಾಸಾಹೇಬ ಕಾಲೇಲ್ಕರ್, ಒಂದು ಕಾಲಕ್ಕೆ ಇದೇ ಬೆಳಗಾವಿಯ ಗಣೇಶ ವಿದ್ಯಾಲಯದಲ್ಲಿ ಮೇಷ್ಟ್ರಾಗಿದ್ದವರು. ಮೇಲ್ಜಾತಿಯ ಹುಡುಗರು ಪೊರಕೆ ಹಿಡಿದು ಆ ಕೆಲಸಕ್ಕಿಳಿದರು. ನೂರು ವರ್ಷದ ಹಿಂದಿನ ಮಾತಿದು, ನೆನಪಿರಲಿ.

ನಾನು ಎಂಜಿನಿಯರಿಂಗ್ ಓದಿದವನು, ಲೆಕ್ಕ ನೋಡದೆ ಸಮಾಧಾನ ಆಗಲ್ಲ. ಬಾವಿಗೆ ಆದ ಖರ್ಚು 4,370 ರೂಪಾಯಿ 3 ಆಣೆ. ಗಮನಿಸಿ, ಆ 3 ಆಣೆಯೂ ಲೆಕ್ಕದಲ್ಲಿದೆ. ಇಡೀ ಅಧಿವೇಶನ ಮುಗಿದು ಖರ್ಚೆಲ್ಲ ಕಳೆದ ಮೇಲೆ ಉಳಿದದ್ದು 773 ರೂಪಾಯಿ ಚಿಲ್ಲರೆ. ಆ ಉಳಿಕೆಗೂ ಲೆಕ್ಕ ಇತ್ತು. ಜನ ಕೊಟ್ಟ ದುಡ್ಡು, ಜನಕ್ಕೆ ಲೆಕ್ಕ. ಇಂದು ಒಂದು ಸಮಾವೇಶ ಮುಗಿದ ಮೇಲೆ ಉಳಿಯೋದು ಏನು ಹೇಳಿ? ಹರಿದ ಫ್ಲೆಕ್ಸು, ಪ್ಲಾಸ್ಟಿಕ್ ಬಾಟಲಿ, ಟ್ರಾಫಿಕ್ ಜಾಮಿನ ನೆನಪು. ಅವತ್ತು ಉಳಿದದ್ದು ಒಂದು ಬಾವಿ.

ಇನ್ನೊಂದು ಮಾತು ಹೇಳದೇ ಹೋದರೆ ಬೆಳಗಾವಿಯ ಬಗ್ಗೆ ಮಾತಾಡಿದ ಹಾಗೇ ಆಗಲ್ಲ. ಗಂಗಾಧರರಾಯರು ಆತ್ಮಕಥೆ ಬರೆದದ್ದು ಮರಾಠಿಯಲ್ಲಿ. ಇದನ್ನು ಹಿಡ್ಕೊಂಡು ಅವರು ನಮ್ಮವರಾ, ಅವರವರಾ ಅಂತ ಜಗಳ ತೆಗೀಬಹುದು. ತೆಗೆಯೋ ಮೊದಲು ಇದನ್ನೂ ನೋಡಿ. ಕಾಂಗ್ರೆಸ್ಸು ಭಾಷಾವಾರು ಸಮಿತಿಗಳನ್ನು ಒಪ್ಪಿದ ಮೇಲೆ ಕರ್ನಾಟಕ ಪ್ರಾಂತ ಕಾಂಗ್ರೆಸ್ಸಿನ ನೇತೃತ್ವ ವಹಿಸಿದವರು ಇವರೇ. ಅದೇ 1924ರಲ್ಲಿ, ಅದೇ ಬೆಳಗಾವಿಯಲ್ಲಿ ಕರ್ನಾಟಕ ಏಕೀಕರಣ ಪರಿಷತ್ತು ಸಿದ್ದಪ್ಪ ಕಂಬಳಿಯವರ ಅಧ್ಯಕ್ಷತೆಯಲ್ಲಿ ನಡೆಯಿತು. ಹುಯಿಲಗೋಳ ನಾರಾಯಣರಾಯರ ನಾಡಗೀತೆ ಮೊದಲು ಮೊಳಗಿದ್ದೂ ಇಲ್ಲೇ, ಬಾಲಕಿ ಗಂಗೂಬಾಯಿ ಹಾನಗಲ್ ಗಾಂಧೀಜಿ ಎದುರು ಹಾಡಿದ್ದೂ ಇಲ್ಲೇ. ಮನೆಯ ಭಾಷೆ ಒಂದು, ನಾಡಿನ ಕೆಲಸ ಇನ್ನೊಂದು. ಎರಡನ್ನೂ ಒಬ್ಬನೇ ಮನುಷ್ಯ ಹೊರಬಹುದು ಅನ್ನೋದಕ್ಕೆ ಅವರೇ ಸಾಕ್ಷಿ.

ಆಮೇಲೆ? ದೊಡ್ಡ ಹೆಸರು ಬಂದ ಮೇಲೆ ಮುಂಬೈಗೋ ದೆಹಲಿಗೋ ಹೋಗಿ ಕೂರಬೇಕಿತ್ತು. ಇವರು ಹುದಲಿಯ ಚರಕದ ಹತ್ತಿರ ಕೂತರು. ಊರೂರಿಗೆ ಖಾದಿ ಹಬ್ಬಿಸಿ 'ಖಾದಿ ಭಗೀರಥ' ಅನ್ನಿಸಿಕೊಂಡರು. 1937ರಲ್ಲಿ ಗಾಂಧಿ ಸೇವಾ ಸಂಘದ ಸಮ್ಮೇಳನ ಆ ಹಳ್ಳಿಯಲ್ಲೇ ನಡೆಯಿತು, ಗಾಂಧೀಜಿ ಬಂದು ಉಳಿದರು. ಸ್ವಾತಂತ್ರ್ಯ ಬಂದಾಗ ಕುರ್ಚಿಗೆ ಸಾಲು ನಿಂತವರ ನಡುವೆ ಇವರು ಇರಲಿಲ್ಲ. 1956ರಲ್ಲಿ ಕರ್ನಾಟಕ ಒಂದಾಗಿದ್ದನ್ನು ಕಣ್ಣಾರೆ ಕಂಡು, 1960ರ ಜುಲೈ 30ರಂದು ತೀರಿಕೊಂಡರು. ಹುದಲಿಯ ಖಾದಿ ಮಾತ್ರ ಅವರ ಜೊತೆ ಹೋಗಲಿಲ್ಲ. ಇವತ್ತಿಗೂ ಅಲ್ಲಿ ನೂಲುತ್ತಾರೆ, ನೇಯುತ್ತಾರೆ.

2024ರ ಡಿಸೆಂಬರ್‌ನಲ್ಲಿ ಅಧಿವೇಶನಕ್ಕೆ ನೂರು ವರ್ಷ ತುಂಬಿದಾಗ ಬೆಳಗಾವಿ ತುಂಬ ದೀಪ ಹಚ್ಚಿದರು. ಭಾಷಣ ಆಯಿತು, ನಾವೂ ಲೈವ್ ಕೊಟ್ಟೆವು. ದೀಪ ಇಳಿಸಿದ ಮೇಲೆ ಆ ಬಾವಿ ನೋಡೋಕೆ ಎಷ್ಟು ಜನ ಹೋದರು?

ಮುಹಿಕಾ ವಿಡಿಯೊ ಫಾರ್ವರ್ಡ್ ಮಾಡಿ, ತಪ್ಪಿಲ್ಲ. ಒಳ್ಳೆಯವರು ಯಾವ ದೇಶದಲ್ಲಿದ್ದರೂ ಒಳ್ಳೆಯವರೇ. ಆದರೆ "ನಮ್ಮಲ್ಲಿ ಯಾಕೆ ಇಲ್ಲ" ಅಂತ ಕೇಳೋ ಮೊದಲು ಉದ್ಯಮಬಾಗದ ಹುಡುಗರು ಒಂದು ಸಂಜೆ ಆ ಬಾವಿಯ ಹತ್ತಿರ ಬೈಕ್ ನಿಲ್ಲಿಸಿ. ಮುಂದಿನ ಸಲ ಯಾರಾದರೂ ಮತ ಕೇಳೋಕೆ ನಿಮ್ಮ ಮನೆ ಬಾಗಿಲಿಗೆ ಬಂದಾಗ, ನೀವು ಯಾವ ಜಾತಿ, ಯಾವ ಭಾಷೆ ಅಂತ ಕೇಳಬೇಡಿ. ಆ 3 ಆಣೆಯನ್ನು ನೆನಪಿಸಿಕೊಂಡು, "ಲೆಕ್ಕ ತೋರಿಸ್ರಿ" ಅಂತ ಕೇಳಿ.